ಸರ್ವಜ್ಞನನ್ನು ಕೂಡಿಸಿದ ಪಾದ್ರಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆಲ್ಲ ಸರ್ವಜ್ಞ ಮನೆಯವನೇ. ಮಗ್ಗದ ಮುಂದೆಯೂ ಕಬ್ಬಿನ ಹೊಲದಲ್ಲಿಯೂ ಅವನ ಮಾತು ಬರುತ್ತದೆ. ಎಂಟನೆಯ ಇಯತ್ತೆಯಲ್ಲಿ ಆ ತ್ರಿಪದಿಗಳನ್ನು ಓದಿಸುವಾಗ ನಮ್ಮ ಕನ್ನಡದ ಗುರುಗಳು, ಇವನ್ನು ಊರೂರು ಅಲೆದು ಕೂಡಿಸಿದವರು ಉತ್ತಂಗಿ ಚನ್ನಪ್ಪನವರೆಂಬ ಕ್ರೈಸ್ತ ಪಾದ್ರಿ ಎಂದರು. ತರಗತಿಗೆ ನಾನೊಬ್ಬನೇ ಕ್ರೈಸ್ತ. ಅಲ್ಲಿಯವರೆಗೆ ಹೆಸರು ಕರೆದಾಗ ತಲೆ ತಗ್ಗಿಸಿಯೇ 'ಹಾಜರ್' ಅನ್ನುತ್ತಿದ್ದೆ. ಮರುದಿನ ಕೂಗಿಯೇ ಹೇಳಿದೆ.

ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ನಮ್ಮ ಗುಳೇದಗುಡ್ಡದಲ್ಲಿಯೂ ನೆಲೆ ಮಾಡಿದ್ದ ಬಾಸೆಲ್ ಮಿಷನ್ನಿನ ಬೋಧಕರು. ಅವರ ಸರ್ವಜ್ಞನ ವಚನಗಳ ಸಂಗ್ರಹ 1924ರಲ್ಲಿ ಅಚ್ಚಾಯಿತು. ಆಮೇಲೆ ಶರಣರ ವಚನಗಳಿಗೂ ಕೈಹಾಕಿದರು, ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ ಪುಸ್ತಕ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಯೇಸುವನ್ನು ಬಿಟ್ಟು ಇದನ್ನೆಲ್ಲ ಮಾಡಲಿಲ್ಲ. ತಮ್ಮ ನಂಬಿಕೆ ಗಟ್ಟಿಯಿದ್ದದ್ದಕ್ಕೇ ಇನ್ನೊಬ್ಬರ ಸತ್ಯ ಕಂಡು ಅಂಜಲಿಲ್ಲ. ನನಗೆ ತಿಳಿದದ್ದು ಹೀಗೆ.

ನಾನು ಕಿರಾಣಿ ಅಂಗಡಿಯವ, ಪಂಡಿತನಲ್ಲ. ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಬಾಗಿಲು ತೆಗೆಯುತ್ತೇನೆ. ತಕ್ಕಡಿ ಹಿಡಿದಾಗ ಅದು ನೆನಪಿಗೆ ಬರುತ್ತದೆ, ಕೈ ತಪ್ಪು ಮಾಡಲೊಲ್ಲದು. ಉದ್ರಿ ಬಾಕಿ ಉಳಿಸಿಕೊಂಡವರ ಮೇಲೆ ಸಿಟ್ಟು ಮಾತ್ರ ಇನ್ನೂ ಬರುತ್ತದೆ, ಸುಳ್ಳು ಹೇಳಲಾರೆ. ಜಾತ್ರೆಯ ಪಟ್ಟಿ ಕೇಳಲು ಬಂದವರನ್ನು ಬರಿಗೈಲಿ ಕಳಿಸಿದ್ದಿಲ್ಲ. ಅವರೂ ಕ್ರಿಸ್‌ಮಸ್ಸಿಗೆ ಕರೆಯದಿದ್ದರೆ ಬಿಡುವುದಿಲ್ಲ.

ಚನ್ನಪ್ಪನವರ ಆ ಗ್ರಂಥದ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆಂದು ತಂದಿದ್ದೇನೆ. ಮುಖ್ಯ ಗುರುಗಳು ಸ್ವೀಕರಿಸಬೇಕು.