ಹೇಳಿಕೊಳ್ಳುವುದು ಹೇಡಿತನವಲ್ಲ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪುರುಷರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ, ರಾಮಗಿರಿಯಿಂದಲೂ ಸುತ್ತಮುತ್ತಲ ಹಳ್ಳಿಗಳಿಂದಲೂ ನೀವೆಲ್ಲರೂ ಬಂದು ಸೇರಿದ್ದೀರಿ. ದೇವಾಲಯದ ಗೋಡೆ ಗೋಪುರಗಳ ವಿಷಯವನ್ನು ಇತರರು ಹೇಳುವರು. ಅವುಗಳನ್ನು ಹೊತ್ತು ನಿಲ್ಲಿಸಿದ ನಿಮ್ಮ ದೇಹಗಳ ವಿಷಯವಾಗಿ ನಾವು ಎರಡು ಮಾತು ಹೇಳಬಯಸುತ್ತೇವೆ.

ಈ ಉತ್ಸವದ ಸಿದ್ಧತೆಗೆಂದು ಮರಣ ದಾಖಲೆಯ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ನಮ್ಮ ಮನಸ್ಸನ್ನು ಚುಚ್ಚಿತು. ಹಳೆಯ ಪುಟಗಳಲ್ಲಿ ಜ್ವರ, ವಾಂತಿಭೇದಿ, ಹೆರಿಗೆಯ ಸಂಕಟ. ಈಚಿನ ಪುಟಗಳಲ್ಲಾದರೋ, ನಡುಪ್ರಾಯದ ಗಂಡಸರ ಹೆಸರುಗಳ ಮುಂದೆ ಮತ್ತೆ ಮತ್ತೆ ‘ಹಠಾತ್ ಮರಣ’ ಎಂಬ ಎರಡು ಪದಗಳು. ಅವನ್ನು ಬರೆದ ಕೈ ನಮ್ಮದೇ. ಆದರೆ ಅಂಥದೊಂದು ಮನೆಯಲ್ಲಿ ಶವದ ಬಳಿ ಕುಳಿತಿದ್ದ ತಾಯಿಯು ಹೇಳಿದ್ದು ಬೇರೆ: “ಆರು ತಿಂಗಳಿಂದ ತೋಟಕ್ಕೆ ಹೋಗುವಾಗ ದಾರಿಯಲ್ಲಿ ಎದೆ ಹಿಡಿದು ನಿಲ್ಲುತ್ತಿದ್ದರಂತೆ, ಸ್ವಾಮಿ. ಜೊತೆಗಿದ್ದ ಹುಡುಗ ಈಗ ಹೇಳುತ್ತಾನೆ. ನನಗೊಂದು ಮಾತೂ ಹೇಳಲಿಲ್ಲ.” ರೋಗವು ಹಠಾತ್ತಾಗಿ ಬಂದಿರಲಿಲ್ಲ, ಮನೆಯವರಿಗೆ ತಿಳಿದದ್ದು ಮಾತ್ರ ಹಠಾತ್ತಾಗಿ.

‘ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದವರು. ಆದರೆ ಗೆತ್ಸೆಮನೆ ತೋಟದ ಆ ರಾತ್ರಿಯನ್ನು ನೆನೆಯಿರಿ. ಪ್ರಭು ಕ್ರಿಸ್ತರು ತಮ್ಮ ಮನದ ಅಳಲನ್ನು ಮೂವರು ಗೆಳೆಯರೊಡನೆ ಬಾಯಿಬಿಟ್ಟು ಹೇಳಿಕೊಂಡರು, ತಮ್ಮೊಡನೆ ಎಚ್ಚರವಾಗಿರುವಂತೆ ಕೇಳಿಕೊಂಡರು. ಪ್ರಭುವೇ ಮರೆಮಾಚದ ಸಂಕಟವನ್ನು ನಾವು ಮರೆಮಾಚಿದರೆ ಅದು ಧೈರ್ಯವೆನಿಸುವುದೇ?

ಬೋಧಿಸುವ ನಾವೂ ಈ ತಪ್ಪಿಗೆ ಹೊರತಾದವರಲ್ಲ. ಕೆಲವು ವರ್ಷಗಳ ಹಿಂದೆ ನಮಗೆ ತೀರದ ಬಾಯಾರಿಕೆ. ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುತ್ತಿತ್ತು. ಚಪ್ಪಲಿ ಕಚ್ಚಿದ ಕಾಲ್ಬೆರಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ವಯಸ್ಸಾಯಿತೆಂದು ಸುಮ್ಮನಾದೆವು; ಉದ್ದನೆಯ ನಿಲುವಂಗಿ ಗಾಯವನ್ನು ಮುಚ್ಚಿತ್ತು. ಕಡೆಗೆ ಗುರುಮನೆಯ ಅಡುಗೆಯಮ್ಮನವರು ಕಂಡು, ಗದರಿಸಿ, ಆಸ್ಪತ್ರೆಗೆ ಕಳುಹಿಸಿದರು. ಅದು ಸಕ್ಕರೆ ಕಾಯಿಲೆ. ಇನ್ನಷ್ಟು ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲವೆಂದರು ವೈದ್ಯರು. ನಿಮ್ಮ ಪಾಪನಿವೇದನೆಯನ್ನು ಆಲಿಸುವ ನಾವು, ಒಂದು ಬೆರಳಿನ ಗಾಯವನ್ನು ನಿವೇದಿಸಲು ನಾಚಿದ್ದೆವು!

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೆಲ್ಲ ಮರುಗಿತು. ಕಸರತ್ತು ಮಾಡಿ ಮೈ ಕಾಪಾಡಿಕೊಂಡವರಿಗೇ ಹೀಗಾಯಿತಲ್ಲಾ ಎಂದು ಆಗ ಬೆದರಿದ ನಾವು ಬಹುಬೇಗ ಮರೆತೆವು. 2023ರಲ್ಲಿ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಎದೆನೋವೆಂದು ಬಂದವರಿಗೆ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅಗತ್ಯವಿದ್ದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದೇ ಅದರ ಕ್ರಮ. ಆದರೆ ಬಾಯಿಬಿಟ್ಟು ಹೇಳದವನಿಗೆ ಯಾವ ಮದ್ದು ತಲುಪೀತು? ರಾಮಗಿರಿಯ ಬೆಟ್ಟವನ್ನು ಸಲೀಸಾಗಿ ಹತ್ತುತ್ತಿದ್ದವರಿಗೆ ಈಗ ನಡುವೆ ಎದೆ ಬಿಗಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ವಾಯುವೆಂದು ಸೋಡಾ ಕುಡಿದು ಮಲಗದೆ, ಕೂಡಲೇ 108ಕ್ಕೆ ಕರೆಮಾಡಿ. ರಕ್ತದೊತ್ತಡಕ್ಕಾದರೋ ನೋವೇ ಇಲ್ಲ. ಅಳೆದು ನೋಡಿದ ಹೊರತು ಅದು ತಿಳಿಯದು. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಚಿಕಿತ್ಸೆ ಬೇಕು. ಮೂವತ್ತು ದಾಟಿದ ಪ್ರತಿಯೊಬ್ಬರೂ ಇದನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ಮಾತು ನಿಮಗೆ ರುಚಿಸದಿರಬಹುದು. ಅಡಿಕೆ ನಮ್ಮ ತಾಲ್ಲೂಕಿನ ಅನ್ನ. ನಮ್ಮ ಮಕ್ಕಳ ಶಾಲೆಯ ಶುಲ್ಕವೂ ದೇವಾಲಯದ ಕಾಣಿಕೆಯೂ ಅದರಿಂದಲೇ ಬಂದಿವೆ. ಹಾಗಿದ್ದರೂ, ಅಡಿಕೆಯನ್ನು ಜಗಿಯುವ ಚಟವು, ಹೊಗೆಸೊಪ್ಪು ಸೇರಿದಾಗ ಇನ್ನೂ ಹೆಚ್ಚಾಗಿ, ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯೂ ಅದನ್ನೇ ಹೇಳುತ್ತದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ, ಇವು ಕಂಡರೆ ತಡಮಾಡಬೇಡಿ. ಬೇಗ ಗುರುತಿಸಿದರೆ ಗುಣವಾಗುವ ರೋಗವಿದು.

ದೇಹದಂತೆಯೇ ಮನಸ್ಸೂ ಬಳಲುತ್ತದೆ. ಬೋರ್‌ವೆಲ್ ಬತ್ತಿ, ತೋಟ ಒಣಗಿ, ಸಾಲದ ನೋಟೀಸು ಬಂದಾಗ ಗಂಡಸು ಜಗಲಿಯ ಮೇಲೆ ಮೌನವಾಗಿ ಕೂರುತ್ತಾನೆ, ಇಲ್ಲವೇ ಹೆಂಡದ ಅಂಗಡಿಯ ದಾರಿ ಹಿಡಿಯುತ್ತಾನೆ. ನಮ್ಮ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಳ್ಳುವ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ ಗಂಡಸರೇ. ಅಂಥವನನ್ನು ಕಂಡರೆ ಉಪದೇಶ ಬೇಡ, ಪಕ್ಕದಲ್ಲಿ ಕುಳಿತು “ಏನಣ್ಣಾ, ನಿದ್ದೆ ಬರುತ್ತಿದೆಯೇ?” ಎಂದು ಕೇಳಿ. ಹಗಲಿರುಳೆನ್ನದೆ ಕನ್ನಡದಲ್ಲಿಯೂ ಆಪ್ತಸಲಹೆ ನೀಡುವ ಸರ್ಕಾರದ 14416 ದೂರವಾಣಿಯಿದೆ. ನಮ್ಮ ಗುರುಮನೆಯ ಬಾಗಿಲೂ ತೆರೆದಿದೆ.

ಸಹೋದರರೇ, ಪೂರ್ವಜರು ನಮಗೆ ದೇವಾಲಯವನ್ನು ಬಿಟ್ಟುಹೋದರು. ನಾವು ಮಕ್ಕಳಿಗೆ ಬರಿಯ ತೋಟವನ್ನಲ್ಲ, ತಂದೆಯನ್ನೂ ಉಳಿಸಿಕೊಡೋಣ. ಇಂದು ಮನೆಗೆ ಹೋದೊಡನೆ, ಇದುವರೆಗೆ ಬಚ್ಚಿಟ್ಟಿರುವ ಒಂದು ನೋವನ್ನು ಹೆಂಡತಿಗೋ ಅಣ್ಣನಿಗೋ ಹೇಳಿ. ಅದಕ್ಕೂ ಮೊದಲು, ಹೊರಗೆ ಶಾಲೆಯ ಜಗಲಿಯಲ್ಲಿ ದಾದಿಯರು ರಕ್ತದೊತ್ತಡ ಅಳೆಯಲು ಕಾದಿದ್ದಾರೆ. ಆ ಸಾಲಿನಲ್ಲಿ ಮೊದಲು ನಿಲ್ಲುವವರು ನಾವೇ. ನಮ್ಮ ಹಿಂದೆ ನೀವೂ ಬನ್ನಿರಿ.

ದೇವರು ನಿಮ್ಮೆಲ್ಲರನ್ನೂ ನಿಮ್ಮ ಮನೆಮಂದಿಯನ್ನೂ ಆಶೀರ್ವದಿಸಲಿ.