ಮನೆಯೇ ಶಾಲೆಯಾದಾಗ: ಹಣದ ಲೆಕ್ಕ, ಸಮಯದ ಲೆಕ್ಕ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಕಡಿಮೆ ಆದಾಯದ ಕುಟುಂಬವೊಂದು ತನ್ನ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಕೊಡಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಿದ್ದಾರೆ. ಸಾಧ್ಯ ಎಂದು ಒಂದೇ ಮಾತಿನಲ್ಲಿ ಹೇಳಿ ಕುಳಿತುಕೊಳ್ಳಬಹುದಿತ್ತು. ಆದರೆ ಆ ಒಂದು ಮಾತಿನ ಹಿಂದೆ ಒಬ್ಬ ತಾಯಿಯ ದುಡಿಮೆ ಇದೆ, ಒಂದು ಹೆಣ್ಣುಮಗುವಿನ ಭವಿಷ್ಯ ಇದೆ. ಆದ್ದರಿಂದ ಸ್ವಲ್ಪ ವಿವರವಾಗಿ ಮಾತನಾಡಲು ನಿಮ್ಮ ಅನುಮತಿ ಕೇಳುತ್ತೇನೆ.

ಮನೆಶಿಕ್ಷಣ ಎಂದರೆ ಶಾಲೆಯಿಂದ ಬಂದ ಮೇಲೆ ಕೊಡಿಸುವ ಟ್ಯೂಶನ್ ಅಲ್ಲ. ಮಗು ಶಾಲೆಗೆ ಹೋಗುವುದೇ ಇಲ್ಲ. ತಂದೆ ತಾಯಿಯೇ ಗುರುಗಳು, ಮನೆಯೇ ಪಾಠಶಾಲೆ. ನಗರಗಳಲ್ಲಿ ಅನುಕೂಲಸ್ಥರಾದ ಕೆಲವರು ಇದನ್ನು ಬಯಸಿ ಆರಿಸಿಕೊಳ್ಳುತ್ತಾರೆ. ನಮ್ಮ ಜಮಾಅತುಗಳಲ್ಲಿ ಅದು ಬಯಸಿ ಬಂದದ್ದು ಕಡಿಮೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಸಂಪಾದನೆ ನಿಂತಿತು, ಫೀಸು ಬಾಕಿಯಾಯಿತು. 2022ರಲ್ಲಿ ಶಿರವಸ್ತ್ರದ ವಿವಾದ ಎದ್ದಾಗ ಕೆಲವು ಹೆಣ್ಣುಮಕ್ಕಳು ತರಗತಿ ಬಿಟ್ಟು ಮನೆಯಲ್ಲಿ ಕುಳಿತರು. ಹೈಸ್ಕೂಲು ದೂರ, ಬಸ್ಸು ಸರಿಯಿಲ್ಲ, ಮಗುವಿಗೆ ಕಾಯಿಲೆ ಎಂಬ ಕಾರಣಗಳಂತೂ ಹಿಂದಿನಿಂದಲೂ ಇವೆ. ಕಾರಣ ಯಾವುದೇ ಇರಲಿ, ಮಗು ಮನೆಯಲ್ಲಿದೆ. ಇನ್ನು ಅದರ ಓದು ಏನಾಗಬೇಕು?

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಮನೆಯ ದಿನಚರಿಯನ್ನು ನಿಮ್ಮ ಮುಂದಿಡುತ್ತೇನೆ. ಹೆಸರು, ಊರು ಬೇಡ. ತಂದೆ ಬಾಡಿಗೆಗೆ ಗೂಡ್ಸ್ ಟೆಂಪೊ ಓಡಿಸುವವರು. ತಾಯಿ ಎಸ್.ಎಸ್.ಎಲ್.ಸಿ. ತನಕ ಓದಿದವರು, ಮನೆಯಲ್ಲಿ ಬೀಡಿ ಕಟ್ಟುತ್ತಾರೆ. 2020ರಲ್ಲಿ ಮಗಳು ಏಳನೆಯ ತರಗತಿ ಮುಗಿಸಿದ್ದಳು, ಮಗ ಮೂರನೆಯದರಲ್ಲಿದ್ದ. ಟೆಂಪೊ ನಿಂತಿತು, ಖಾಸಗಿ ಶಾಲೆಯ ಫೀಸು ಕಟ್ಟಲಾಗಲಿಲ್ಲ. ಶಾಲೆ ಮತ್ತೆ ತೆರೆದಾಗ ಮಕ್ಕಳು ಮನೆಯಲ್ಲಿಯೇ ಉಳಿದರು. ತಾಯಿಯೇ ಪಾಠಕ್ಕೆ ಕುಳಿತರು.

ಆ ಮನೆಯಲ್ಲಿ ದಿನ ಸುಬಹಿ ನಮಾಝಿನಿಂದ ಆರಂಭವಾಗುತ್ತದೆ. ನಮಾಝ್, ಕುರ್‌ಆನ್ ಪಾರಾಯಣ, ಆಮೇಲೆ ಮಗ ಮದ್ರಸಕ್ಕೆ. ನಮ್ಮ ಕರಾವಳಿಯ ಮದ್ರಸಗಳು ಬೆಳಿಗ್ಗೆ ಬೇಗನೆ ನಡೆಯುವುದರಿಂದ ಮಗುವಿನ ದಿನಕ್ಕೆ ಒಂದು ಚೌಕಟ್ಟು ತಾನಾಗಿ ಸಿಗುತ್ತದೆ. ಮನೆಶಿಕ್ಷಣದ ದೊಡ್ಡ ಶತ್ರು ಸೋಮಾರಿತನ. 'ನಾಳೆ ಓದಿದರಾಯಿತು' ಎಂಬ ಮಾತು ಶಾಲೆಯಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಬಹಳ ಸುಲಭವಾಗಿ ನಡೆದುಬಿಡುತ್ತದೆ. ಆದ್ದರಿಂದ ಆ ತಾಯಿ ಒಂದು ನಿಯಮ ಮಾಡಿಕೊಂಡಿದ್ದರು. ಚಹಾ ತಿಂಡಿ ಮುಗಿಸಿ ಒಂಬತ್ತೂವರೆಗೆ ಚಾಪೆ ಹಾಸಿದರೆ ಹನ್ನೆರಡೂವರೆಯ ತನಕ ಎತ್ತುವುದಿಲ್ಲ. ನೆಂಟರು ಬಂದರೂ ಮಕ್ಕಳು ಸಲಾಂ ಹೇಳಿ ಮತ್ತೆ ಚಾಪೆಗೆ ಬರಬೇಕು. ಮೊದಲ ಒಂದು ಗಂಟೆ ಗಣಿತ, ಆಮೇಲೆ ಕನ್ನಡ, ಇಂಗ್ಲಿಷ್. ಅಸರ್ ನಂತರ ಆಟ. ಮಗ್ರಿಬ್ ಮತ್ತು ಇಶಾ ನಡುವೆ ಸಮಾಜ, ವಿಜ್ಞಾನ. ಆಗ ತಂದೆಯೂ ಮನೆಯಲ್ಲಿರುತ್ತಾರೆ.

ಖರ್ಚು ಎಷ್ಟು ಎಂದು ಕೇಳಬಹುದು. ಕರ್ನಾಟಕದ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಒಂದರಿಂದ ಹತ್ತನೆಯ ತರಗತಿಯ ತನಕ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನೆರೆಮನೆಯ ಮಕ್ಕಳು ಓದಿ ಮುಗಿಸಿದ ಪುಸ್ತಕಗಳಿಗೆ ಹಣವೇ ಬೇಡ. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಅದು ಹೆಚ್ಚು ಮಕ್ಕಳಿಗೆ ತಿಳಿಯಿತು. ಕೊಳ್ಳಬೇಕಾದದ್ದು ನೋಟ್ ಪುಸ್ತಕ, ಪೆನ್ನು, ಒಂದು ಕಂಪಾಸು ಪೆಟ್ಟಿಗೆ, ಒಂದು ಭೂಪಟ. ಹಳೆಯ ಕ್ಯಾಲೆಂಡರಿನ ಹಿಂಬದಿ ಆ ಮನೆಯ ಕರಿಹಲಗೆಯಾಗಿತ್ತು.

ಪಾಠಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲಿಯೇ ಇತ್ತು. ಒಂದು ಕಟ್ಟಿಗೆ 25 ಬೀಡಿಯಾದರೆ ಸಾವಿರಕ್ಕೆ ಎಷ್ಟು ಕಟ್ಟು? ಮಗ ಭಾಗಾಕಾರ ಕಲಿತದ್ದು ಹೀಗೆ. ಆದರೆ ಬೀಡಿಯ ಎಲೆ, ಹೊಗೆಸೊಪ್ಪು ಮುಟ್ಟಲು ಆ ತಾಯಿ ಮಕ್ಕಳನ್ನು ಬಿಡಲಿಲ್ಲ. 'ಲೆಕ್ಕ ಮಾತ್ರ ನಿಮ್ಮದು, ಕೆಲಸ ನನ್ನದು' ಎನ್ನುತ್ತಿದ್ದರು. ಈ ಮಾತನ್ನು ನೀವು ಮರೆಯಬಾರದು. ಮನೆಯಲ್ಲಿರುವ ಮಗು ಮನೆಯ ದುಡಿಮೆಗೆ ಒಂದು ಕೈಯಾಗಿಬಿಟ್ಟರೆ ಅದು ಶಿಕ್ಷಣವಲ್ಲ. ಕರೆಂಟು ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ನೋಡಿ ಯೂನಿಟ್ ಲೆಕ್ಕ ಹಾಕುವುದು ಕಳೆಯುವ ಲೆಕ್ಕ. ಬೂತಾಯಿ ಮೀನು ಕಿಲೋಗೆ ಇಷ್ಟಾದರೆ ಮುಕ್ಕಾಲು ಕಿಲೋಗೆ ಎಷ್ಟು ಎಂಬುದು ಭಿನ್ನರಾಶಿ. ರುಬ್ಬಿಟ್ಟ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಏಕೆ ಉಬ್ಬಿತು ಎಂಬುದು ವಿಜ್ಞಾನ. ಮನೆಯ ಮಾತು ಬ್ಯಾರಿ. ಆದ್ದರಿಂದ ದಿನಕ್ಕೊಮ್ಮೆ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಐದು ವಾಕ್ಯ ಸ್ವಂತವಾಗಿ ಬರೆಯಬೇಕಿತ್ತು. ಪತ್ರಿಕೆ ಹತ್ತಿರದ ಅಂಗಡಿಯದು, ಸಂಜೆ ಕೇಳಿ ತರುತ್ತಿದ್ದರು.

ಇಷ್ಟು ಕೇಳಿದಾಗ ಮನೆಶಿಕ್ಷಣ ಬಹಳ ಅಗ್ಗ ಎಂದು ನಿಮಗೆ ಅನಿಸಬಹುದು. ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಆ ತಾಯಿ ದಿನಕ್ಕೆ ಮೂರು ಗಂಟೆ ಚಾಪೆಯ ಮೇಲೆ ಕುಳಿತರೆ ಮೂರು ಗಂಟೆಯ ಬೀಡಿ ಕಡಿಮೆಯಾಗುತ್ತದೆ. ವಾರದ ಕೊನೆಗೆ ಕೈಗೆ ಬರುವ ಮಜೂರಿಯೂ ಅಷ್ಟು ಕಡಿಮೆ. ಅದನ್ನು ತುಂಬಲು ಅವರು ರಾತ್ರಿ ಇಶಾ ಕಳೆದು ಮತ್ತೆ ಬೀಡಿಗೆ ಕುಳಿತುಕೊಳ್ಳುತ್ತಿದ್ದರು. ತಾಯಿಯ ಸಮಯಕ್ಕೆ ಬೆಲೆಯೇ ಇಲ್ಲ ಎಂದು ಭಾವಿಸಿದವರಿಗೆ ಮಾತ್ರ ಮನೆಶಿಕ್ಷಣ ಅಗ್ಗ.

ಇನ್ನೊಂದು ಲೆಕ್ಕವೂ ಇದೆ. ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ ಉಚಿತ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಮಧ್ಯಾಹ್ನದ ಊಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆದು ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯಲ್ಲಿ ಕುಳಿತ ಮಗು ಇವೆಲ್ಲವನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಬಡತನವೊಂದೇ ಕಾರಣವಾದರೆ ಮನೆಶಿಕ್ಷಣ ಅದಕ್ಕೆ ಪರಿಹಾರವಲ್ಲ. ಹತ್ತಿರದ ಸರ್ಕಾರಿ ಶಾಲೆಯೇ ಪರಿಹಾರ. ಇದನ್ನು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮನೆಶಿಕ್ಷಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ 6ರಿಂದ 14 ವರ್ಷದ ಮಗು ಶಾಲೆಯಿಂದ ಹೊರಗಿದ್ದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂದು ಅದರ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಟಿ.ಸಿ. ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ನಾನು ಹೇಳಿದ ಮನೆಯ ಮಗ ಎರಡು ವರ್ಷದ ಬಳಿಕ ಹೀಗೆಯೇ ಊರಿನ ಸರ್ಕಾರಿ ಶಾಲೆಗೆ ಸೇರಿದ. ಗಣಿತದಲ್ಲಿ ಅವನು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ನಾಲ್ಕು ಮಕ್ಕಳ ನಡುವೆ ಎದ್ದು ನಿಂತು ಉತ್ತರ ಹೇಳುವುದನ್ನು ಮತ್ತೆ ಕಲಿಯಬೇಕಾಯಿತು.

ಮಗಳ ವಿಷಯ ಹಾಗಲ್ಲ. ಹೈಸ್ಕೂಲಿಗೆ ಎರಡು ಬಸ್ಸು ಬದಲಿಸಬೇಕಿತ್ತು. ಆಕೆ ಮನೆಯಲ್ಲಿಯೇ ಉಳಿದಳು. ಬಂಧುಗಳು 'ಮನೆಯಲ್ಲಿಯೇ ಓದುತ್ತಿದ್ದಾಳಲ್ಲ, ಇನ್ನೇನು ಬೇಕು' ಎಂದರು. ಸಹೋದರ ಸಹೋದರಿಯರೇ, ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಮನೆಯಲ್ಲಿ ಓದುತ್ತಿದ್ದಾಳೆ ಎಂಬ ಮಾತು ಎಷ್ಟೋ ಮನೆಗಳಲ್ಲಿ ಶಾಲೆ ಬಿಡಿಸಿದ್ದೇವೆ ಎಂಬುದಕ್ಕೆ ಇನ್ನೊಂದು ಹೆಸರಾಗಿಬಿಟ್ಟಿದೆ. ಮೊದಲ ವರ್ಷ ಪುಸ್ತಕ ಇರುತ್ತದೆ, ಎರಡನೆಯ ವರ್ಷ ಅಡುಗೆಮನೆ, ಮೂರನೆಯ ವರ್ಷ ಮದುವೆಯ ಮಾತು. ಇದು ನಿಜವಾದ ಶಿಕ್ಷಣವೋ ಹೆಸರಿಗೆ ಮಾತ್ರವೋ ಎಂದು ತಿಳಿಯಲು ನಾಲ್ಕು ಪ್ರಶ್ನೆ ಕೇಳಿ ನೋಡಿ. ದಿನಕ್ಕೆ ನಿಗದಿತ ಓದಿನ ಸಮಯ ಇದೆಯೇ? ಮನೆಯವರಲ್ಲದ ಒಬ್ಬರು ಆಕೆಯ ಬರಹವನ್ನು ತಿದ್ದುತ್ತಿದ್ದಾರೆಯೇ? ಬರೆಯಲಿರುವ ಪರೀಕ್ಷೆಯ ಹೆಸರು, ವರ್ಷ ಗೊತ್ತಿದೆಯೇ? ವಾರಕ್ಕೊಮ್ಮೆಯಾದರೂ ಓದುವ ಗೆಳತಿಯರ ಜೊತೆ ಸೇರುತ್ತಾಳೆಯೇ? ನಾಲ್ಕಕ್ಕೂ ಇಲ್ಲ ಎಂದಾದರೆ ಆ ಮನೆಯಲ್ಲಿ ಶಾಲೆ ನಡೆಯುತ್ತಿಲ್ಲ.

ಪರೀಕ್ಷೆಗೆ ದಾರಿ ಇದೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಸ್ಥಾಪನೆಯಾಗಿ, 2002ರಿಂದ ಎನ್.ಐ.ಓ.ಎಸ್. ಎಂಬ ಹೆಸರು ಪಡೆದ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ಸಾಕು. ನೋಂದಣಿ ಐದು ವರ್ಷ ಊರ್ಜಿತ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್‌ನಲ್ಲಿ, ಸಾರ್ವಜನಿಕ ಪರೀಕ್ಷೆ ಆರಂಭವಾಗುತ್ತದೆ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. ಆ ಹುಡುಗಿ 2023ರ ಏಪ್ರಿಲ್‌ನಲ್ಲಿ ನಾಲ್ಕು ವಿಷಯ ಪಾಸು ಮಾಡಿ, ಅಕ್ಟೋಬರ್‌ನಲ್ಲಿ ಗಣಿತ ಮುಗಿಸಿ, ಮರುವರ್ಷ ಪಿ.ಯು.ಸಿ. ವಾಣಿಜ್ಯ ವಿಭಾಗಕ್ಕೆ ಸೇರಿದಳು. ಖಾಸಗಿ ಅಭ್ಯರ್ಥಿಯಾಗಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಬರೆಯುವ ಅವಕಾಶವೂ ಇದೆ. ವಿಷಯ ಆರಿಸುವಾಗ ಮುಂದೆ ಏನು ಓದಬೇಕೆಂದು ಮೊದಲೇ ಯೋಚಿಸಿ.

ಮನೆಯಲ್ಲಿ ಕಲಿಯುವುದು ನಮಗೆ ಹೊಸತಲ್ಲ. ಮದೀನಾದಲ್ಲಿ ಹ. ಆಯಿಶಾ(ರ)ರ ಮನೆ ವಿದ್ಯಾರ್ಥಿಗಳಿಗೆ ಜ್ಞಾನಕೇಂದ್ರವಾಗಿತ್ತು. ಹಿಜರಿ 150ರಲ್ಲಿ ಗಾಝಾದಲ್ಲಿ ಜನಿಸಿದ ಇಮಾಮ್ ಶಾಫಿ(ರ) ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಗುರುಗಳಿಗೆ ಕೊಡಲು ತಾಯಿಯ ಬಳಿ ಹಣವಿರಲಿಲ್ಲ. ಕಾಗದ ಕೊಳ್ಳಲಾಗದೆ ಅವರು ಮೂಳೆಗಳ ಮೇಲೆ ಬರೆದುಕೊಳ್ಳುತ್ತಿದ್ದರೆಂದು ಚರಿತ್ರೆ ಹೇಳುತ್ತದೆ. ಆದರೆ ಆ ತಾಯಿ ಮಗನನ್ನು ತನ್ನ ಬಳಿಯೇ ಇಟ್ಟುಕೊಳ್ಳದೆ ಮಕ್ಕಾಕ್ಕೆ ಕರೆತಂದು ಗುರುಗಳ ಮುಂದೆ ಕುಳ್ಳಿರಿಸಿದರು.

ನಮ್ಮ ದೇಶದ ಒಂದು ಉದಾಹರಣೆ ಬಂಗಾಳದ ಬೇಗಂ ರುಕಿಯಾ ಅವರದು. 1880ರಲ್ಲಿ ಜನಿಸಿದ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಲಿಸಿದರು. ಮನೆಯೊಳಗೆ ಗುಟ್ಟಾಗಿ ಕಲಿತ ಆ ಮಹಿಳೆ 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರೊಂದಿಗೆ ಸಖಾವತ್ ಮೆಮೋರಿಯಲ್ ಬಾಲಕಿಯರ ಶಾಲೆ ತೆರೆದು, ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳುಹಿಸಿಕೊಡಿ ಎಂದು ಬೇಡಿಕೊಂಡರು. ಮನೆಯ ಓದು ಎಷ್ಟು ದೂರ ಕರೆದೊಯ್ಯಬಹುದು ಎಂಬುದು ಅವರಿಗೆ ಗೊತ್ತಿತ್ತು. ಶಾಲೆ ಏಕೆ ಬೇಕು ಎಂಬುದೂ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಸಂಘ ಏನು ಮಾಡಬಹುದು? ದೊಡ್ಡ ಕಟ್ಟಡ ಬೇಡ. ನಮ್ಮ ವ್ಯಾಪ್ತಿಯಲ್ಲಿ ಶಾಲೆಗೆ ಹೋಗದೆ ಮನೆಯಲ್ಲಿರುವ ಮಕ್ಕಳ ಹೆಸರು ಬರೆದ ಒಂದು ರಿಜಿಸ್ಟರ್ ಬೇಕು. ಓದಿ ಮುಗಿಸಿದ ಪಠ್ಯಪುಸ್ತಕಗಳಿಗೆ ಕಚೇರಿಯಲ್ಲಿ ಒಂದು ಕಪಾಟು ಬೇಕು. ಪ್ರವೇಶದ ಮತ್ತು ಪರೀಕ್ಷಾ ಶುಲ್ಕದ ಕೊನೆಯ ದಿನಾಂಕಗಳನ್ನು ನೋಡಿಕೊಂಡು ಅರ್ಜಿ ತುಂಬಿಕೊಡುವ ಒಬ್ಬ ಕಾರ್ಯಕರ್ತ ಬೇಕು. ಬಡ ತಾಯಂದಿರಿಗೆ ಕಷ್ಟವಾಗುವುದು ಪಾಠಕ್ಕಿಂತ ಈ ಅರ್ಜಿಗಳು. ವಾರಕ್ಕೆ ಎರಡು ಸಂಜೆ ಈ ಸಭಾಂಗಣದ ಬಾಗಿಲು ತೆರೆದಿಟ್ಟರೆ ಆ ಮಕ್ಕಳಿಗೆ ಜೊತೆ ಸಿಗುತ್ತದೆ, ತಾಯಿಗೆ ಎರಡು ಸಂಜೆಯ ಬಿಡುವು ಸಿಗುತ್ತದೆ.

ವಿದ್ಯಾರ್ಥಿಗಳೇ, ಬದ್ರ್ ಯುದ್ಧದ ಕೈದಿಗಳಲ್ಲಿ ಬಿಡುಗಡೆಯ ಹಣ ಕೊಡಲಾಗದ ಅಕ್ಷರಸ್ಥರು ಮದೀನಾದ ಹತ್ತು ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಸಾಕು ಎಂದು ಪ್ರವಾದಿ(ಸ)ರು ತೀರ್ಮಾನಿಸಿದ್ದನ್ನು ನೀವು ಓದಿದ್ದೀರಿ. ನಿಮ್ಮಿಂದ ನಾವು ಹತ್ತು ಮಕ್ಕಳನ್ನು ಕೇಳುವುದಿಲ್ಲ. ಕಾಲೇಜಿನಲ್ಲಿರುವ ಪ್ರತಿಯೊಬ್ಬರೂ ಒಂದು ಮಗುವಿಗೆ ವಾರಕ್ಕೆ ಎರಡು ಗಂಟೆ ಕೊಡಿ. ಗಣಿತ ಅಥವಾ ಇಂಗ್ಲಿಷ್, ಯಾವುದಾದರೂ ಒಂದು ಸಾಕು. ಈ ಸಭೆ ಮುಗಿದ ಮೇಲೆ ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿರುತ್ತಾರೆ. ಕಲಿಸಬಲ್ಲವರು ಒಂದು ಕಡೆ, ಕಲಿಯಬೇಕಾದ ಮಕ್ಕಳ ಹೆತ್ತವರು ಇನ್ನೊಂದು ಕಡೆ ಹೆಸರು ಬರೆಯಿರಿ.

ಮಕ್ಕಳಿಗಾಗಿ ರಾತ್ರಿಯ ನಿದ್ದೆ ಬಿಟ್ಟು ದುಡಿಯುವ ತಾಯಂದಿರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ, ಆ ಶ್ರಮದಲ್ಲಿ ನಮ್ಮ ಪಾಲನ್ನು ಹೊರಲು ನಮಗೆ ತೌಫೀಕ್ ನೀಡಲಿ. ಆಮೀನ್.