ಮೂಸಿಯ ಮಹಾಪೂರ: ಆರತಿ, ಅಳತೆ ಮತ್ತು ಒಡೆದ ಕೆರೆಗಳು



ಹೈದರಾಬಾದಿನ ಕನ್ನಡಿಗರು ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ಯಾರ ನೆನಪಿನಲ್ಲಿ ಈ ದತ್ತಿ ನಡೆಯುತ್ತಿದೆಯೋ ಆ ಮೇಷ್ಟ್ರು ಮನೆಯಲ್ಲಿ ಪೂಜೆ ತಪ್ಪಿಸಿದವರಲ್ಲ. ತರಗತಿಯಲ್ಲಿ ಪುರಾವೆ ಕೇಳದೆ ಬಿಟ್ಟವರೂ ಅಲ್ಲ. ಅವರಿಗೆ ಸಲ್ಲುವ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಪ್ರಕೃತಿಯ ಆಗುಹೋಗುಗಳ ಹಿಂದೆ ಆಸ್ತಿಕರು ಒಂದು ಇಚ್ಛೆಯನ್ನು ಕಾಣುತ್ತಾರೆ, ಸಂದೇಹವಾದಿಗಳು ಕಾರಣಗಳ ಸರಪಣಿಯನ್ನು ಹುಡುಕುತ್ತಾರೆ. ಚಾರ್ವಾಕರಿಂದ ಹಿಡಿದು ಎಚ್. ನರಸಿಂಹಯ್ಯನವರು 1976ರಲ್ಲಿ ರಚಿಸಿದ ಪವಾಡ ತನಿಖಾ ಸಮಿತಿಯವರೆಗಿನ ಈ ಸಂದೇಹದ ಕಥೆ ಪುಸ್ತಕಗಳಲ್ಲಿದೆ. ಅದನ್ನು ಬಿಟ್ಟು, ಈ ಎರಡು ನೋಟಗಳೂ ಇದೇ ಊರಿನಲ್ಲಿ ಎದುರಾದ 1908ರ ಸೆಪ್ಟೆಂಬರ್ 28ಕ್ಕೆ ಬರುತ್ತೇನೆ.

ಆ ದಿನ ಹೈದರಾಬಾದಿನ ಮೂಸಿ ನದಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಅಫ್ಜಲ್‌ಗಂಜ್ ಬಳಿಯ ಹುಣಸೆಮರ ಹತ್ತಿ ನೂರೈವತ್ತರಷ್ಟು ಮಂದಿ ಉಳಿದರು. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ನದಿಗೆ ಬಾಗಿನ ಕೊಟ್ಟು ಆರತಿ ಎತ್ತಿದರು, ಆಮೇಲೆ ನೀರು ಇಳಿಯಿತು ಎಂದು ಊರು ಹೇಳುತ್ತದೆ. ಮರುವರ್ಷ, ಪೂರದ ಕಾರಣ ಹುಡುಕಿ ತಡೆಯುವ ದಾರಿ ಸೂಚಿಸಲು, ನಮ್ಮ ಮುದ್ದೇನಹಳ್ಳಿಯ ಇಂಜಿನಿಯರ್ ವಿಶ್ವೇಶ್ವರಯ್ಯನವರು ಬಂದರು.

ಆರತಿಯಿಂದಲೇ ನೀರು ಇಳಿಯಿತೆಂಬುದನ್ನು ನಾನು ಒಪ್ಪಲಾರೆ. ಮೂಸಿ ಹುಟ್ಟುವ ಅನಂತಗಿರಿ ಇಲ್ಲಿಂದ ನೂರು ಕಿಲೋಮೀಟರೂ ಇಲ್ಲ. ಇಷ್ಟು ಕಡಿಮೆ ದೂರ ಹರಿದು ಬರುವ ನದಿ ಬೇಗ ಏರುತ್ತದೆ, ಮಳೆ ನಿಂತರೆ ಬೇಗ ಇಳಿಯುತ್ತದೆ. ಆರತಿ ಇಲ್ಲದ ಪೂರಗಳೂ ಇಳಿದಿವೆ. ‘ಆರತಿ ವಿವರಣೆಯೇ ಅಲ್ಲ, ಜನರ ದುಃಖಕ್ಕೆ ದೊರೆ ತೋರಿದ ಗೌರವ’ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಅಷ್ಟಕ್ಕೇ ನಿಂತರೆ ನನ್ನ ತಕರಾರಿಲ್ಲ. ಬೇರೆ ಧರ್ಮದ ಪ್ರಜೆಗಳ ನಂಬಿಕೆಗೆ ತಲೆಬಾಗಿದ ಆ ದೊರೆ ನನಗೆ ಪ್ರಿಯನೇ. ಆದರೆ ‘ಆದ್ದರಿಂದ ನೀರು ಇಳಿಯಿತು’ ಎಂದ ಕ್ಷಣ ಅದು ಕಾರಣದ ಮಾತಾಗುತ್ತದೆ, ಪರೀಕ್ಷೆಗೆ ಒಡ್ಡಿಕೊಳ್ಳಲೇಬೇಕು.

ನನ್ನ ಹೆಚ್ಚಿನ ಜಗಳ ವಿಚಾರವಾದಿ ಗೆಳೆಯರೊಡನೆ. ನಿಜಾಮರು ಪೂಜೆ ಮಾಡಿದರು, ಇಂಜಿನಿಯರು ಅಳೆದರು, ವಿಜ್ಞಾನ ಗೆದ್ದಿತು ಎಂದು ಅವರು ಮುಗಿಸುತ್ತಾರೆ. ಹಾಗಾದರೆ ಪೂರಕ್ಕೆ ಕಾರಣವೇನು ಎಂದರೆ ‘ಅತಿವೃಷ್ಟಿ, ಪ್ರಕೃತಿ ವಿಕೋಪ’ ಎನ್ನುತ್ತಾರೆ. ನದಿದೇವಿಯ ಕೋಪ ಹೋಗಿ ಪ್ರಕೃತಿಯ ಕೋಪ ಬಂತು, ಅಷ್ಟೇ. ಎರಡರಲ್ಲೂ ಮನುಷ್ಯನಿಗೆ ಖುಲಾಸೆ.

ವಿಶ್ವೇಶ್ವರಯ್ಯನವರು ಅಲ್ಲಿಗೆ ನಿಲ್ಲಲಿಲ್ಲ. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು ಮಳೆ ಬಿದ್ದದ್ದನ್ನು ಅವರು ದಾಖಲಿಸಿದರು. ಜೊತೆಗೆ ಜಲಾನಯನದ 788 ಕೆರೆಗಳನ್ನೂ ಲೆಕ್ಕಕ್ಕೆ ತಂದರು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಗೆ ತನ್ನ ಪಾಲಿನ ಮಳೆಯ ಮೇಲೆ ಇನ್ನೊಂದು ಕೆರೆಯ ಹೊರೆ. ಏರಿ ತಡೆಯದಿದ್ದರೆ ಎರಡೂ ಸೇರಿ ಮೂರನೆಯದರ ಮೇಲೆ. ಮಳೆ ಆಕಾಶದ್ದು ನಿಜ, ಆದರೆ ಕೆರೆಯ ಏರಿ ಮನುಷ್ಯರು ಕಟ್ಟಿದ್ದು. ಕೋಡಿ ಸಾಕಷ್ಟು ಅಗಲವಿತ್ತೇ, ಏರಿಗೆ ಮಣ್ಣು ಹಾಕಿದವರಿದ್ದರೇ ಎಂಬ ಪ್ರಶ್ನೆ ಇಲ್ಲಿ ಮಾತ್ರ ಹುಟ್ಟುತ್ತದೆ. ಸಂದೇಹವಾದ ಎಂಬ ಹೆಸರಿಗೆ ಅರ್ಹವಾದದ್ದು ಈ ಪ್ರಶ್ನೆಯೇ. ಮೇಷ್ಟ್ರು ಇದ್ದಿದ್ದರೆ ನನ್ನನ್ನು ಇಲ್ಲೇ ತಡೆದು ಇನ್ನಷ್ಟು ಕೇಳುತ್ತಿದ್ದರು.

ನೀರನ್ನು ಊರಿಗಿಂತ ಮೇಲೆಯೇ ತಡೆಯಬೇಕೆಂಬ ವಿಶ್ವೇಶ್ವರಯ್ಯನವರ ಸಲಹೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಜಲಾಶಯಗಳು ಸಿದ್ಧವಾದವು. ಅವುಗಳ ಜಲಾನಯನವನ್ನು ಕಾಯಲು 1996ರಲ್ಲಿ ಹೊರಟ 111ನೇ ಸರ್ಕಾರಿ ಆದೇಶದ ಕಟ್ಟಡ ನಿರ್ಬಂಧಗಳನ್ನು 2022ರಲ್ಲಿ ಸರ್ಕಾರ ತೆಗೆಯಹೊರಟಿತು. ಅದಕ್ಕೆ ಎರಡೇ ವರ್ಷ ಮೊದಲು, 2020ರ ಅಕ್ಟೋಬರಿನಲ್ಲಿ, ಕೆರೆಗಳು ಒಡೆದು ಇದೇ ಊರಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಈ ಸಭೆಯ ಅನೇಕರು ಕಣ್ಣಾರೆ ಕಂಡಿದ್ದೀರಿ. ಆಗಲೂ ಕೇಳಿಬಂದ ಮಾತು ‘ವಿಕೋಪ’ವೇ. ಅದಕ್ಕೇ, ಆ 788ರಲ್ಲಿ ಉಳಿದ ಕೆರೆಗಳು ಯಾವುವು, ಯಾವುದರ ಕೋಡಿಯ ಮೇಲೆ ಮನೆ ಎದ್ದಿದೆ ಎಂದು ಊರೂರು ತಿರುಗಿ ಬರೆದಿಡುವ ಕೆಲಸಕ್ಕೆ ಇಲ್ಲಿನ ಯುವಕರನ್ನು ಕರೆಯುತ್ತಿದ್ದೇನೆ. ಗಂಗಮ್ಮನಿಗೆ ಕೈಮುಗಿಯುವವರೂ ಬರಲಿ, ಮುಗಿಯದವರೂ ಬರಲಿ.